ಬೀದರಿನ ಒಂಬತ್ತು ಕಿರಣಗಳು

ಬೀದರ್ ಅಂದಕೂಡಲೇ ನಮಗೆಲ್ಲ ನೆನಪಾಗುವುದು ಬಹಮನಿಗಳ ಕೋಟೆ, ಮಹಮೂದ್ ಗವಾನನ ಮದರಸಾ, ಷೋಕೇಸಿನಲ್ಲಿಟ್ಟ ಬಿದ್ರಿ ಹೂದಾನಿ. ಭೂಪಟದಲ್ಲಿ ಅದು ಕರ್ನಾಟಕದ ಕಿರೀಟ ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದೂ ನೆನಪಿದ್ದೀತು. ಆ ಊರಿಗೆ ಇನ್ನೊಂದು ಗುರುತೂ ಉಂಟು, ಅದನ್ನು ನೋಡಲು ತಲೆ ಎತ್ತಬೇಕು. ಭಾರತೀಯ ವಾಯುಪಡೆಯ 'ಸೂರ್ಯಕಿರಣ' ತಂಡ ಹುಟ್ಟಿದ್ದು 1996ರಲ್ಲಿ, ಬೀದರಿನಲ್ಲಿ. ದಿಲ್ಲಿಯಲ್ಲೋ ಬೆಂಗಳೂರಿನಲ್ಲೋ ಕೊಲಂಬೋದಲ್ಲೋ ಜನ ಬಾಯಿ ತೆರೆದು ನೋಡುವ ಆಟವನ್ನು ಬೀದರಿನವರು ತಾಲೀಮಿನ ದಿನಗಳಲ್ಲಿ ಮಾಳಿಗೆ ಮೇಲೆ ನಿಂತು ಬಿಟ್ಟಿಯಾಗಿ ನೋಡುತ್ತಾರೆ. ಅದರ ಬೆಲೆಯನ್ನು ಮೊದಲು ಕಂಡವರೂ ಅವರೇ. ಅದನ್ನು ಮುಂದೆ ಹೇಳುತ್ತೇವೆ.

ಈ ವಿಷಯ ಎಲ್ಲಿಂದ ಬಂತು ಅಂತ ಬಳಗದ ಗೆಳೆಯರು ಕೇಳಬಹುದು. ಡೌನರ್ಸ್ ಗ್ರೋವ್‌ನ ನಾವು ಮೂರ್ನಾಲ್ಕು ಮನೆಯವರು ಶಿಕಾಗೋದ ಏರ್ ಅಂಡ್ ವಾಟರ್ ಶೋಗೆ ಒಟ್ಟಿಗೆ ಹೋಗುವ ರೂಢಿ ಇಟ್ಟುಕೊಂಡಿದ್ದೇವೆ. ಬಿ.ಎನ್.ಎಸ್.ಎಫ್. ರೈಲು ಹಿಡಿದು ಯೂನಿಯನ್ ಸ್ಟೇಷನ್, ಅಲ್ಲಿಂದ ಬಸ್ಸು, ಆಮೇಲೆ ನಾರ್ತ್ ಅವೆನ್ಯೂ ಬೀಚಿನ ಮರಳಿನ ಮೇಲೆ ಊರಿಂದ ತಂದ ಜಮಖಾನ. ಡಬ್ಬಿಗಳಲ್ಲಿ ಪುಳಿಯೋಗರೆ, ಮೊಸರನ್ನ. ಆಗಸ್ಟಿನ ಬಿಸಿಲಿಗೆ ಮೊಸರನ್ನ ಹುಳಿಯಾಗುವ ಹೊತ್ತಿಗೆ ಸರಿಯಾಗಿ ಬ್ಲೂ ಏಂಜಲ್ಸೋ ಥಂಡರ್‌ಬರ್ಡ್ಸೋ ಬರುತ್ತಾರೆ! ಒಂದು ವರ್ಷ ಗೆಳೆಯರೊಬ್ಬರ ಮಾವನವರೂ ಜೊತೆಗಿದ್ದರು. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ದುಡಿದು ನಿವೃತ್ತರಾದವರು, ಮಗಳ ಮನೆಗೆ ಆರು ತಿಂಗಳಿಗೆಂದು ಬಂದವರು. ಸದ್ದೆಲ್ಲ ಅಡಗಿದ ಮೇಲೆ ಮಕ್ಕಳು "ಹೇಗಿತ್ತು ತಾತಾ?" ಅಂತ ಮುತ್ತಿಕೊಂಡರು. "ಚೆನ್ನಾಗಿತ್ತು ಮರಿ. ಆದ್ರೆ ಇದು ಯುದ್ಧದ ವಿಮಾನ. ನಮ್ಮೋರು ಇದನ್ನೆಲ್ಲ ಪಾಠ ಹೇಳೋ ವಿಮಾನದಲ್ಲೇ ಮಾಡ್ತಿದ್ರು," ಅಂದರು ಅವರು.

ಆ ಒಂದು ಮಾತು ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಪಾಠ ಹೇಳುವ ವಿಮಾನದಲ್ಲಿ ಆಟ ಆಡುವುದಕ್ಕೂ ಯುದ್ಧದ ವಿಮಾನದಲ್ಲಿ ಆಡುವುದಕ್ಕೂ ಏನು ವ್ಯತ್ಯಾಸ? ಹುಡುಕುತ್ತಾ ಹೋದರೆ ಸೂರ್ಯಕಿರಣದ ಇಡೀ ಚರಿತ್ರೆ ಆ ಮಾತಿನೊಳಗೇ ಅಡಗಿದೆ.

ಮೊದಲು ನಾವು ಕೂತಿದ್ದ ದಡದ ಕಥೆ. ಶಿಕಾಗೋದ ಕೆರೆದಂಡೆಯಲ್ಲಿ ವಿಮಾನದ ಆಟ ಹೊಸದಲ್ಲ. 1911ರ ಆಗಸ್ಟಿನಲ್ಲಿ ಗ್ರಾಂಟ್ ಪಾರ್ಕಿನಲ್ಲಿ ಒಂಬತ್ತು ದಿನಗಳ ಅಂತರರಾಷ್ಟ್ರೀಯ ವಿಮಾನ ಮೇಳ ನಡೆಯಿತು. ರೈಟ್ ಸಹೋದರರು ಮೊದಲು ಹಾರಿ ಆಗಿನ್ನೂ ಎಂಟೇ ವರ್ಷ ಆಗಿತ್ತು. ಆ ಮೇಳದ ನಡುವೆ ಆಗಸ್ಟ್ 15ರಂದು, ಒಂದೇ ದಿನ, ವಿಲಿಯಂ ಬ್ಯಾಡ್ಜರ್ ಮತ್ತು ಸೇಂಟ್ ಕ್ರಾಯ್ ಜಾನ್‌ಸ್ಟೋನ್ ಎಂಬ ಇಬ್ಬರು ಹಾರಾಟಗಾರರು ಸತ್ತರು. ಮೇಳ ನಿಲ್ಲಲಿಲ್ಲ. ಈಗಿನ ಶೋ ಶುರುವಾದದ್ದು 1959ರಲ್ಲಿ, ಬೇಸಿಗೆ ಶಿಬಿರದ ಮಕ್ಕಳಿಗಾಗಿ. ಆ ವರ್ಷ ಅದಕ್ಕೆ ತಗುಲಿದ ಖರ್ಚು 88 ಡಾಲರ್ ಅಂತ ನಗರದವರು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮ್ಮ ಯುಗಾದಿ ಕಾರ್ಯಕ್ರಮದ ಕಾಫಿ ಖರ್ಚಿಗೂ ಸಾಲದ ದುಡ್ಡು!

ಅಮೆರಿಕದ ನೌಕಾಪಡೆಯ ಬ್ಲೂ ಏಂಜಲ್ಸ್ 1946ರದ್ದು, ವಾಯುಪಡೆಯ ಥಂಡರ್‌ಬರ್ಡ್ಸ್ 1953ರದ್ದು. ಮಹಾಯುದ್ಧ ಮುಗಿದ ಮೇಲೆ ಜನ ಸೈನ್ಯವನ್ನು ಮರೆಯಬಾರದು, ಹುಡುಗರು ಸೇರುವುದನ್ನು ನಿಲ್ಲಿಸಬಾರದು ಎಂಬ ಲೆಕ್ಕಾಚಾರ ಇವುಗಳ ಹಿಂದಿತ್ತು. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಇಂದಿಗೂ ಬೀಚಿನಲ್ಲಿ ಐಸ್‌ಕ್ರೀಮಿನ ಗಾಡಿಯ ಪಕ್ಕದಲ್ಲೇ ಸೇನಾ ಭರ್ತಿಯ ಡೇರೆ ಇರುತ್ತದೆ.

ಈ ಶ್ರೀಮಂತ ದೇಶವೂ ಒಮ್ಮೆ ಪಾಠದ ವಿಮಾನಕ್ಕೆ ಇಳಿದದ್ದುಂಟು. 1973ರ ತೈಲದ ಬಿಕ್ಕಟ್ಟಿನ ಮರುವರ್ಷ ಥಂಡರ್‌ಬರ್ಡ್ಸ್ ತಮ್ಮ ದೈತ್ಯ ಎಫ್-4 ಫ್ಯಾಂಟಮ್‌ಗಳನ್ನು ಬಿಟ್ಟು ಟಿ-38 ಎಂಬ ತರಬೇತಿ ಜೆಟ್ ಹಿಡಿದರು. ಒಂದು ಫ್ಯಾಂಟಮ್ ಕುಡಿಯುವ ಎಣ್ಣೆಯಲ್ಲಿ ಐದು ಟಿ-38 ಹಾರುತ್ತಿದ್ದವು. ಅವರ ಚರಿತ್ರೆಯ ಅತ್ಯಂತ ಕರಾಳ ದಿನ ಬಂದದ್ದೂ ಆ ವಿಮಾನದಲ್ಲೇ. 1982ರ ಜನವರಿ 18, ನೆವಾಡಾ ಮರುಭೂಮಿಯ ಇಂಡಿಯನ್ ಸ್ಪ್ರಿಂಗ್ಸ್. ನಾಲ್ಕು ವಿಮಾನಗಳು ಪಕ್ಕಪಕ್ಕದಲ್ಲಿ ಮೇಲೇರಿ, ಬೆನ್ನು ಕೆಳಗಾಗಿ ಹೊರಳಿ, ಸುತ್ತು ಮುಗಿಸಿ ಕೆಳಗಿಳಿಯುವ ತಾಲೀಮು. ನಾಯಕ ನಾರ್ಮನ್ ಲೋರಿಯ ವಿಮಾನದ ಬಾಲದ ನಿಯಂತ್ರಣ ಸಿಕ್ಕಿಹಾಕಿಕೊಂಡಿತು, ಮೂತಿ ಮೇಲೇಳಲಿಲ್ಲ. ಪಕ್ಕದ ಮೂವರು, ವಿಲ್ಲಿ ಮೇಸ್, ಜೋಸೆಫ್ ಪೀಟರ್‌ಸನ್, ಮಾರ್ಕ್ ಮೆಲಾನ್ಸನ್, ಅವನ ಜೊತೆಗೇ ನೆಲಕ್ಕೆ ಬಡಿದರು. ಅವರ ವಿಮಾನಗಳಲ್ಲಿ ಯಾವ ದೋಷವೂ ಇರಲಿಲ್ಲ.

ಯಾಕೆ ಹೀಗಾಯಿತು ಅನ್ನುವುದು ಅರ್ಥವಾಗದಿದ್ದರೆ ಈ ಆಟವೇ ಅರ್ಥವಾಗುವುದಿಲ್ಲ, ಅದಕ್ಕೆ ಸ್ವಲ್ಪ ವಿವರಿಸುತ್ತೇವೆ. ಗುಂಪಿನಲ್ಲಿ ಹಾರುವವನು ನೆಲವನ್ನು ನೋಡಿಕೊಂಡು ಹಾರುವುದಿಲ್ಲ, ಆಕಾಶವನ್ನೂ ಅಲ್ಲ. ಪಕ್ಕದ ವಿಮಾನದ ಮೇಲೆ ಎರಡು ಗುರುತು ಆರಿಸಿಕೊಳ್ಳುತ್ತಾನೆ, ರೆಕ್ಕೆಯ ತುದಿಯ ದೀಪ ಮತ್ತು ಮೈಮೇಲಿನ ಯಾವುದೋ ಒಂದು ಅಂಚು ಅಂತಿಟ್ಟುಕೊಳ್ಳಿ. ಆ ಎರಡೂ ಒಂದು ಗೆರೆಯಲ್ಲಿ ಕಾಣುತ್ತಿದ್ದರೆ ತಾನು ಸರಿಯಾದ ಜಾಗದಲ್ಲಿದ್ದೇನೆ ಅಂತ ಅರ್ಥ. ಗೆರೆ ಕದಲಿತೋ, ಕೋಲನ್ನು ಕೂದಲೆಳೆಯಷ್ಟು ಅಲ್ಲಾಡಿಸಿ ಮತ್ತೆ ಕೂರಿಸುತ್ತಾನೆ. ಇಡೀ ಹಾರಾಟದಲ್ಲಿ ಇದೇ ಕೆಲಸ, ಸೆಕೆಂಡಿಗೆ ಹಲವು ಬಾರಿ. ಭೂಮಿ ಎಲ್ಲಿದೆ, ಎಷ್ಟು ಎತ್ತರದಲ್ಲಿದ್ದೇವೆ, ಯಾವಾಗ ತಿರುಗಬೇಕು, ಇವೆಲ್ಲ ನಾಯಕನೊಬ್ಬನ ಚಿಂತೆ. ಕಂಪ್ಯೂಟರಿನ ಹೊಟ್ಟೆಪಾಡಿನ ನಾವು ಒಂದು ಸರ್ವರ್ ಕೈಕೊಟ್ಟರೆ ಇನ್ನೊಂದು ಇರಲಿ, ಎರಡೂ ಕೈಕೊಟ್ಟರೆ ಮೂರನೆಯದು ಇರಲಿ ಅಂತ ಜೀವಮಾನವಿಡೀ ಅನುಮಾನದ ಮೇಲೆ ಕಟ್ಟುತ್ತೇವೆ. ಇವರದ್ದು ಪೂರ್ತಿ ತಿರುಗುಮುರುಗು, ನಂಬಿಕೆಯೊಂದೇ ಬಂಡವಾಳ. ನೆಲದಿಂದ ನೋಡುವ ನಮಗೆ ಅದು ಒಂದೇ ವಿಮಾನಕ್ಕೆ ಹಲವು ರೆಕ್ಕೆ ಬಂದಂತೆ ಕಾಣುತ್ತದೆ.

ಆ ದುರಂತದ ಮರುವರ್ಷ ಥಂಡರ್‌ಬರ್ಡ್ಸ್ ಎಫ್-16 ಹಿಡಿದು ಮತ್ತೆ ಯುದ್ಧವಿಮಾನಕ್ಕೆ ಮರಳಿದರು. ಹಣದ ಕೊರತೆ ಮಾತ್ರ ಮತ್ತೊಮ್ಮೆ ಬಂತು. 2013ರಲ್ಲಿ ವಾಷಿಂಗ್ಟನ್ನಿನ ಬಜೆಟ್ ಜಗಳದಿಂದ ಎರಡೂ ತಂಡಗಳು ನೆಲ ಕಚ್ಚಿದವು, ಶಿಕಾಗೋ ಶೋ ಆ ವರ್ಷ ಇಬ್ಬರೂ ಇಲ್ಲದೆ ನಡೆಯಿತು. ಬಳಗದಲ್ಲಿ ಕೆಲವರಿಗೆ ನೆನಪಿರಬಹುದು, ಮಕ್ಕಳಿಗೆ ಸಮಾಧಾನ ಹೇಳುವುದೇ ದೊಡ್ಡ ಕೆಲಸವಾಗಿತ್ತು. ಇಂಥ ತಂಡ ಯಾವುದೇ ವಾಯುಪಡೆಗೂ ಮಿಕ್ಕಿದ್ದರಲ್ಲಿ ಮಾಡುವ ಹಬ್ಬ. ಕಣಜದಲ್ಲಿ ಕಾಳು ತಳ ಕಂಡಾಗ ಮೊದಲು ನಿಲ್ಲುವುದು ಹಬ್ಬವೇ. ಈ ಮಾತು ಬೀದರಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಸರಿ, ಈಗ ಬೆಂಗಳೂರಿಗೆ ಬರೋಣ. ಬೀದರಿನ ಕಥೆಗೆ ಬೇರು ಇರುವುದು ಅಲ್ಲೇ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್, ಅಮೆರಿಕದ ವಿಲಿಯಂ ಪಾಲಿ ಎಂಬಾತನ ನೆರವಿನಿಂದ, ಮೈಸೂರು ಸಂಸ್ಥಾನದ ಆಸರೆಯಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದರು. ಮಿರ್ಜಾ ಇಸ್ಮಾಯಿಲ್ ಆಗ ದಿವಾನರು. ಯುದ್ಧ ಬಿರುಸಾದಾಗ ಕಾರ್ಖಾನೆ ಅಮೆರಿಕದ ಸೈನ್ಯದ ಕೈಗೆ ಹೋಗಿ ವಿಮಾನ ರಿಪೇರಿಯ ದೊಡ್ಡ ಡಿಪೋ ಆಯಿತು. ಡೆಟ್ರಾಯಿಟ್ ಕಡೆಯ ಗೆಳೆಯರಿಗೆ ಇಲ್ಲೊಂದು ಸ್ವಾರಸ್ಯ ಇದೆ. ನಿಮ್ಮ ಇಪ್ಸಿಲಾಂಟಿಯ ಪಕ್ಕದ ವಿಲೋ ರನ್‌ನಲ್ಲಿ ಫೋರ್ಡ್ ಕಂಪನಿ ಎಂಟು ಸಾವಿರಕ್ಕೂ ಮಿಕ್ಕಿ ಬಿ-24 ಬಾಂಬರುಗಳನ್ನು ಕಟ್ಟಿತಲ್ಲ, ಅದೇ ಜಾತಿಯ ವಿಮಾನಗಳು ಬಂಗಾಳ, ಬರ್ಮಾ ಕಡೆಯಿಂದ ಹೊಗೆ ಹಿಡಿದು ಬೆಂಗಳೂರಿಗೆ ಬಂದು, ನಮ್ಮ ಫಿಟ್ಟರುಗಳ ಕೈಯಲ್ಲಿ ರಿಪೇರಿಯಾಗಿ ಹೋಗುತ್ತಿದ್ದವು. ಬೆಂಗಳೂರಿನ ಜನ ವಿಮಾನ ಬಿಚ್ಚಿ ಜೋಡಿಸುವುದನ್ನು ಕಲಿತದ್ದು ಹಾಗೆ.

ಸ್ವಾತಂತ್ರ್ಯ ಬಂದ ಮೇಲೆ ಸ್ವಂತ ವಿಮಾನ ಮಾಡುವ ಆಸೆ. ಅದಕ್ಕೆ ಸಿಕ್ಕವರು ಡಾ. ವಿ. ಎಂ. ಘಾಟಗೆ. ಜರ್ಮನಿಯ ಗಟಿಂಗೆನ್‌ನಲ್ಲಿ ಮಹಾಗುರು ಲುಡ್ವಿಗ್ ಪ್ರಾಂಡ್ಟಲ್ ಬಳಿ ಕಲಿತು, ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಐ.ಐ.ಎಸ್ಸಿ.ಯಲ್ಲಿ ಪಾಠ ಹೇಳಿದವರು. ಮೇಷ್ಟ್ರು ಮೊದಲು ಮಾಡಿದ್ದು ಮೇಷ್ಟರ ವಿಮಾನವನ್ನೇ! 1951ರಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ ಹಾರಿತು. ಮುಂದೆ ಜೆಟ್ ಯುಗದ ಹುಡುಗರಿಗೆ ಜೆಟ್ಟಿನಲ್ಲೇ ಪಾಠ ಬೇಕು ಅಂತಾದಾಗ ಅವರ ತಂಡ 'ಕಿರಣ್' ವಿಮಾನವನ್ನು ರೂಪಿಸಿತು. 1964ರ ಸೆಪ್ಟೆಂಬರ್ 4ರಂದು ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. ಸಿ. ವಿ. ರಾಮನ್ ನಗರದ ಕಡೆ ಮನೆ ಇದ್ದವರೆಲ್ಲ ದಿನಾ ಆಟೋದವರಿಗೆ ಹೇಳುವ ಸುರಂಜನ್ ದಾಸ್ ರಸ್ತೆ ಇವರದೇ ಹೆಸರಿನದು. 1970ರ ಜನವರಿಯಲ್ಲಿ 'ಮಾರುತ್' ಯುದ್ಧವಿಮಾನದ ಪರೀಕ್ಷೆಯಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಕಿರಣ್ ವಿಮಾನದಲ್ಲಿ ಎರಡು ಸೀಟುಗಳು ಒಂದರ ಹಿಂದೆ ಒಂದಲ್ಲ, ಪಕ್ಕಪಕ್ಕ. ಗುರು ಶಿಷ್ಯನ ಭುಜಕ್ಕೆ ಭುಜ ತಾಗಿಸಿ ಕೂತು, ಮರಳಿನ ಮೇಲೆ ಕೈ ಹಿಡಿದು ಅಕ್ಷರ ತಿದ್ದಿಸಿದಂತೆ ಹಾರಾಟ ಕಲಿಸಬೇಕು ಎಂಬ ಲೆಕ್ಕ. ಎಂಜಿನ್ ಮಾತ್ರ ಇಂಗ್ಲೆಂಡಿನ ವಂಶದ್ದು. 1976ರಲ್ಲಿ ಹಾರಿದ ಎರಡನೇ ಅವತಾರ, ಅಂದರೆ ಮಾರ್ಕ್-2ಕ್ಕೆ, ಇನ್ನೂ ಬಲವಾದ ಆರ್ಫಿಯಸ್ ಎಂಜಿನ್ ಬಂತು. ಮಾರುತ್ ಮತ್ತು ನ್ಯಾಟ್‌ಗಳ ಎದೆಯಲ್ಲಿದ್ದದ್ದೂ ಅದೇ ಮನೆತನದ ಎಂಜಿನ್.

ವಾಯುಪಡೆ ತನ್ನ ಚಿನ್ನದ ಹಬ್ಬದ ವರ್ಷವಾದ 1982ರಲ್ಲಿ 'ಥಂಡರ್‌ಬೋಲ್ಟ್ಸ್' ಎಂಬ ತಂಡ ಕಟ್ಟಿತ್ತು. ನೆವಾಡಾದಲ್ಲಿ ನಾಲ್ವರು ಸತ್ತ ವರ್ಷವೇ ಇದು. ನೀಲಿ-ಬಿಳಿ ಬಣ್ಣದ ಒಂಬತ್ತು ಹಂಟರ್ ವಿಮಾನಗಳು, ಇಂಗ್ಲೆಂಡಿನವು, ಆಗಲೇ ಮುಪ್ಪು ಹಿಡಿದಿದ್ದವು. ಆ ದಶಕ ಮುಗಿಯುವ ಹೊತ್ತಿಗೆ ತಂಡದ ಕಥೆಯೂ ಹೆಚ್ಚುಕಮ್ಮಿ ಮುಗಿಯಿತು. ಅದಾದ ಮೇಲೆ ಕೆಲವು ವರ್ಷ ಆಕಾಶ ಖಾಲಿ.

1996ರಲ್ಲಿ ಎರಡು ಸಂಗತಿ ನಡೆದವು. ಯಲಹಂಕದ ವಾಯುನೆಲೆಯಲ್ಲಿ ಮೊದಲ ಏರೋ ಇಂಡಿಯಾ ನಡೆಯಿತು. ಬೀದರಿನಲ್ಲಿ ವಿಂಗ್ ಕಮಾಂಡರ್ ಕುಲದೀಪ್ ಮಲಿಕ್ ನೇತೃತ್ವದಲ್ಲಿ ಕಿರಣ್ ಮಾರ್ಕ್-2ಗಳ ತಂಡ ಹುಟ್ಟಿತು. ಕಿರಣ್ ವಿಮಾನದ ತಂಡಕ್ಕೆ ಸೂರ್ಯಕಿರಣ ಎಂಬ ಹೆಸರು, ಎಷ್ಟು ಸಹಜವಾಗಿ ಕೂತಿದೆ ನೋಡಿ! ಬೀದರನ್ನೇ ಯಾಕೆ ಆರಿಸಿದರು ಅಂದರೆ, ದಶಕಗಳಿಂದ ಅದು ಪೈಲಟ್ಟುಗಳ ಪಾಠಶಾಲೆ. ವಿಮಾನಗಳು ಅಲ್ಲೇ ಇದ್ದವು, ಮೇಷ್ಟ್ರುಗಳೂ ಅಲ್ಲೇ ಇದ್ದರು. ತಂಡಕ್ಕೆ ಬಂದವರಲ್ಲಿ ಬಹುಪಾಲು ಬೋಧಕ ಪೈಲಟ್‌ಗಳೇ. 1998ರ ಹೊತ್ತಿಗೆ ವಿಮಾನಗಳ ಸಂಖ್ಯೆ ಒಂಬತ್ತಕ್ಕೇರಿತು. ಪ್ರಪಂಚದಲ್ಲಿ ಒಂಬತ್ತು ಜೆಟ್ ಇಟ್ಟುಕೊಂಡು ಆಡುವ ತಂಡಗಳು ಬೆರಳೆಣಿಕೆಯಷ್ಟೇ. ಇಂಗ್ಲೆಂಡಿನ ರೆಡ್ ಆರೋಸ್ ಅವುಗಳಲ್ಲಿ ಹೆಸರಾದದ್ದು, ಅದೂ 1965ರಲ್ಲಿ ನ್ಯಾಟ್ ಎಂಬ ಪಾಠದ ವಿಮಾನದಲ್ಲೇ ಶುರುವಾದದ್ದು.

ಎರಡು ವಿಮಾನಗಳ ನಡುವಿನ ಅಂತರ ಐದು ಮೀಟರಿಗೂ ಕಡಿಮೆ. ನಮ್ಮ ಗ್ಯಾರೇಜಿನ ಅಗಲಕ್ಕೂ ಕಮ್ಮಿ ಅಂತ ಇಟ್ಟುಕೊಳ್ಳಿ. ಹಿಂದೆ ಬಿಡುವ ಹೊಗೆ ಎಂಜಿನ್ ಕೆಟ್ಟ ಹೊಗೆಯಲ್ಲ, ಕಾದ ಗಾಳಿಗೆ ಡೀಸೆಲ್ ಚಿಮ್ಮಿಸಿದಾಗ ಆವಿಯಾಗಿ ಬೆಳ್ಳಗೆ ಕಾಣುತ್ತದೆ, ಬಣ್ಣ ಬೆರೆಸಿದರೆ ಕೇಸರಿ, ಹಸಿರು. 2001ರಲ್ಲಿ ಶ್ರೀಲಂಕಾ ವಾಯುಪಡೆಯ ಐವತ್ತನೇ ವರ್ಷಕ್ಕೆಂದು ಕೊಲಂಬೋಗೆ ಹೋದರು, 2008ರಲ್ಲಿ ಚೀನಾದ ಝೂಹಾಯ್‌ಗೂ ಹೋಗಿ ಬಂದರು. ಬೆಂಗಳೂರಿನಲ್ಲಿ ವಿನ್ಯಾಸಗೊಂಡು ಬೆಂಗಳೂರಿನಲ್ಲೇ ತಯಾರಾದ, ಅಷ್ಟು ಹೊತ್ತಿಗೆ ಮೂವತ್ತು ವರ್ಷ ಹಳೆಯ ವಿನ್ಯಾಸದ ವಿಮಾನ ಚೀನಾದ ಆಕಾಶದಲ್ಲಿ ಬರೆದ ಗೆರೆಗಳ ಬಗ್ಗೆ ನಮ್ಮ ಪತ್ರಿಕೆಗಳು ಹೆಚ್ಚು ಬರೆಯಲಿಲ್ಲ ಅನ್ನುವುದು ನಮ್ಮ ದೂರು. ಏರೋ ಇಂಡಿಯಾ ಬಂದಾಗ 'ಲೋಹದ ಹಕ್ಕಿಗಳ ಕಲರವ' ಅಂತ ಅದೇ ತಲೆಬರಹ ತಪ್ಪದೇ ಹಾಕುತ್ತಾರೆ, ಅಷ್ಟು ಸಾಕು ಅವರಿಗೆ.

ಇನ್ನು ಬೆಲೆಯ ಮಾತು. 2006ರ ಮಾರ್ಚ್ 18ರಂದು ಬೀದರಿನ ಬಳಿ ತಾಲೀಮಿನಲ್ಲಿದ್ದ ಒಂದು ಕಿರಣ್ ಬಿದ್ದು ವಿಂಗ್ ಕಮಾಂಡರ್ ಧೀರಜ್ ಭಾಟಿಯಾ ಮತ್ತು ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್ ಇಬ್ಬರೂ ತೀರಿಕೊಂಡರು. ಪಕ್ಕಪಕ್ಕದ ಎರಡು ಸೀಟುಗಳು. 2009ರ ಜನವರಿ 21ರಂದು ಮತ್ತೆ ಬೀದರಿನ ಬಳಿಯೇ ವಿಂಗ್ ಕಮಾಂಡರ್ ಆರ್. ಎಸ್. ಧಾಲಿವಾಲ್ ಹೋದರು. ಎರಡು ಸಲವೂ ಚಪ್ಪಾಳೆ ತಟ್ಟುವ ಜನ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ. ಹೊಲದ ರೈತರು ಓಡಿಹೋಗಿ ನೋಡುವಂಥ ಸಾವುಗಳು. ಶೋ ಅಂದರೆ ಶೋ ದಿನ ಮಾತ್ರ ಅಪಾಯ ಅಂದುಕೊಳ್ಳುತ್ತೇವೆ ನಾವು. ನಿಜ ಬೇರೆ. ಇಪ್ಪತ್ತು ನಿಮಿಷದ ಆಟದ ಹಿಂದೆ ತಿಂಗಳುಗಟ್ಟಲೆ ತಾಲೀಮು ಇರುತ್ತದೆ, ಅಪಾಯವೂ ಅಲ್ಲೇ ಹೆಚ್ಚು ಹೊತ್ತು ಕಾದಿರುತ್ತದೆ.

ಇದಾಗಿ ಆರು ತಿಂಗಳಲ್ಲಿ ಬಂದ ಇನ್ನೊಂದು ಅಪಘಾತ ಸೂರ್ಯಕಿರಣದ್ದಲ್ಲ, ಆದರೆ ತಂಡದ ಹಣೆಬರಹ ಬರೆದದ್ದು ಅದೇ. ಹೊಸ ಹುಡುಗರು ಮೊಟ್ಟಮೊದಲು ಕೈಹಾಕುತ್ತಿದ್ದದ್ದು ಎಚ್.ಎ.ಎಲ್.ನದೇ ಎಚ್‌ಪಿಟಿ-32 'ದೀಪಕ್' ಎಂಬ ಪುಟ್ಟ ವಿಮಾನಕ್ಕೆ. ಅದರ ಎಂಜಿನ್ ಗಾಳಿಯಲ್ಲೇ ನಿಂತುಬಿಡುವ ರೋಗಕ್ಕೆ ಹೆಸರಾಗಿತ್ತು. 2009ರ ಜುಲೈ 31ರಂದು ಆಂಧ್ರದ ಮೇದಕ್ ಬಳಿ ಒಂದು ಬಿದ್ದು ಇಬ್ಬರು ಬೋಧಕರು ಸತ್ತ ಮೇಲೆ ವಾಯುಪಡೆ ದೀಪಕ್‌ಗಳನ್ನೆಲ್ಲ ನೆಲದ ಮೇಲೆ ನಿಲ್ಲಿಸಿತು. ಹಾಗಾದರೆ ಮೊದಲ ಪಾಠ ಎಲ್ಲಿ? ಅದೂ ಕಿರಣ್‌ನಲ್ಲೇ ಆಗಬೇಕು. ಆಗಲೇ ನಡುವಿನ ಪಾಠವೂ ಕಿರಣ್‌ನದೇ. ಅದರ ಜಾಗಕ್ಕೆ ಬರಬೇಕಿದ್ದ 'ಸಿತಾರಾ' 2003ರಲ್ಲಿ ಮೊದಲ ಬಾರಿ ಹಾರಿದ್ದರೂ ಪರೀಕ್ಷೆ ದಾಟಿ ಬರಲೇ ಇಲ್ಲ. ದೀಪ ಆರಿತು, ನಕ್ಷತ್ರ ಮೂಡಲಿಲ್ಲ, ಉಳಿದದ್ದು ಕಿರಣ ಒಂದೇ.

ಲೆಕ್ಕ ಬಹಳ ಸರಳ. ಸೇರುವ ಹುಡುಗರಿಗೆ ಕಲಿಯಲು ವಿಮಾನ ಸಾಲದು, ಬೀದರಿನಲ್ಲಿ ಒಂದು ತಂಡದಷ್ಟು ಕಿರಣ್‌ಗಳು ಆಟಕ್ಕೆ ಮೀಸಲು. 2011ರ ಫೆಬ್ರವರಿಯ ಏರೋ ಇಂಡಿಯಾದಲ್ಲಿ ಯಲಹಂಕದ ಮೇಲೆ ಸೂರ್ಯಕಿರಣ ಆಡಿತು, ಆಮೇಲೆ ತಂಡವನ್ನು ನಿಲ್ಲಿಸಿದರು. ವಿಮಾನಗಳು ಪಾಠಶಾಲೆಗೆ ಹೋದವು. ಆಗ ಬಹಳ ಜನ ಮರುಗಿದರು, ದೇಶದ ಮಾನ ಹೋಯಿತು ಅಂದವರೂ ಇದ್ದರು. ನಾವು ಹಾಗೆ ಅನ್ನುವುದಿಲ್ಲ. ಸೂರ್ಯಕಿರಣದ ಇಡೀ ಚರಿತ್ರೆಯಲ್ಲಿ ತಲೆಬಾಗಬೇಕಾದ ನಿರ್ಧಾರ ಇದ್ದರೆ ಅದು ಇದೇ. ಮನೆಯಲ್ಲಿ ಮಕ್ಕಳ ಫೀಸಿಗೆ ದುಡ್ಡಿಲ್ಲದಾಗ ಜಾತ್ರೆಗೆ ಹೋಗುವುದನ್ನು ಬಿಡುವ ಅಪ್ಪ-ಅಮ್ಮಂದಿರು ನಮ್ಮನ್ನು ಬೆಳೆಸಿದವರು, ನಮಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಬೇಸರ ಆಗಬೇಕಾದ್ದು ಬೇರೆ ಕಡೆ. ವರ್ಷಗಟ್ಟಲೆ ಒಂದು ಪಾಠದ ವಿಮಾನವನ್ನು ಸಕಾಲಕ್ಕೆ ಮುಗಿಸದೆ, ಕೆಟ್ಟದ್ದನ್ನು ಸರಿಪಡಿಸದೆ ಆ ಸ್ಥಿತಿ ತಂದುಕೊಂಡದ್ದಕ್ಕೆ. ಕೊನೆಗೆ 2013ರಲ್ಲಿ ಸ್ವಿಟ್ಜರ್‌ಲೆಂಡಿನ ಪಿಲಾಟಸ್ ವಿಮಾನಗಳು ಬಂದ ಮೇಲೆ ಮೊದಲ ಪಾಠದ ಹೊರೆ ಕಿರಣ್ ಹೆಗಲಿನಿಂದ ಇಳಿಯಿತು.

ತಾತನವರ ಮಾತಿನ ಅರ್ಥ ನಮಗೆ ಇಲ್ಲಿ ಬಿಡಿಸಿಕೊಂಡಿತು. ಎಫ್-16 ತಂಡ ತೋರಿಸುವುದು ತನ್ನ ತೋಳಿನ ಬಲವನ್ನು. ಕಿರಣ್ ತಂಡ ತೋರಿಸುತ್ತಿದ್ದದ್ದು ಕಲಿಸುವ ಕೈಯನ್ನು. ಅದಕ್ಕೇ ಪಾಠಶಾಲೆಗೆ ಕಷ್ಟ ಬಂದಾಗ ಆ ವಿಮಾನಗಳು ಹಿಂದಿರುಗಿ ಹೋಗಲು ಒಂದು ಶಾಲೆ ಇತ್ತು.

ತಂಡ ಮತ್ತೆ ಎದ್ದದ್ದು ಹಾಕ್ ವಿಮಾನದಲ್ಲಿ. ಇಂಗ್ಲೆಂಡಿನ ಜೊತೆಗಿನ 2004ರ ಒಪ್ಪಂದದಲ್ಲಿ 66 ಹಾಕ್‌ಗಳು, ಅವುಗಳಲ್ಲಿ 42 ಬೆಂಗಳೂರಿನ ಎಚ್.ಎ.ಎಲ್.ನಲ್ಲೇ ತಯಾರಾಗಬೇಕು ಅಂತ ಇತ್ತು. 2008ರ ಫೆಬ್ರವರಿಯಲ್ಲಿ ಅವು ಸೇವೆಗೆ ಸೇರಿದ್ದೂ ಬೀದರಿನಲ್ಲೇ. ಇದೂ ಪಾಠದ ವಿಮಾನವೇ, ಆದರೆ ಸೀಟುಗಳು ಒಂದರ ಹಿಂದೆ ಒಂದು, ಮತ್ತು ವಿನ್ಯಾಸ ನಮ್ಮದಲ್ಲ. ರೆಡ್ ಆರೋಸ್ ಹಿಡಿದದ್ದೂ ಇದೇ ಹಾಕ್. 2015ರ ಅಕ್ಟೋಬರ್ 8ರ ವಾಯುಪಡೆ ದಿನಾಚರಣೆಗೆ ನಾಲ್ಕು ಹಾಕ್‌ಗಳು ಕೆಂಪು-ಬಿಳಿ ಬಣ್ಣ ಬಳಿದುಕೊಂಡು ಬಂದವು. 2017ರ ಹೊತ್ತಿಗೆ ಮತ್ತೆ ಒಂಬತ್ತು.

2019ರ ಫೆಬ್ರವರಿ 19, ಏರೋ ಇಂಡಿಯಾ ಉದ್ಘಾಟನೆಯ ಹಿಂದಿನ ದಿನ. ಯಲಹಂಕದ ಮೇಲೆ ತಾಲೀಮಿನಲ್ಲಿ ಎರಡು ಹಾಕ್‌ಗಳು ಒಂದಕ್ಕೊಂದು ತಾಗಿದವು. ವಿಂಗ್ ಕಮಾಂಡರ್ ವಿಜಯ್ ಶೆಳ್ಕೆ, ಸ್ಕ್ವಾಡ್ರನ್ ಲೀಡರ್ ತೇಜೇಶ್ವರ್ ಸಿಂಗ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಹರಿಯಾಣದ ಹಿಸಾರ್‌ನ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಬದುಕಲಿಲ್ಲ. ಅವಶೇಷಗಳು ಮನೆಗಳಿರುವ ಬಡಾವಣೆಯ ಪಕ್ಕದಲ್ಲೇ ಬಿದ್ದವು. ಹಿಂದಿನ ಮೂರು ಸಾವುಗಳಿಗೆ ಬೀದರಿನ ಹೊಲಗಳು ಸಾಕ್ಷಿ, ಇದಕ್ಕೆ ಬೆಂಗಳೂರಿನ ಸಾವಿರ ಮೊಬೈಲು. ವಾಟ್ಸಾಪ್‌ನಲ್ಲಿ ಆ ವಿಡಿಯೋ ಇಲ್ಲಿಗೆ ಬಂದು ತಲುಪಿದಾಗ ನಮಗೆ ನಸುಕು. ಹೀಗೆ ಸೂರ್ಯಕಿರಣದಲ್ಲಿ ಜೀವ ಕೊಟ್ಟ ನಾಲ್ವರೂ ಸತ್ತದ್ದು ಕರ್ನಾಟಕದ ನೆಲದಲ್ಲಿ, ನಾಲ್ವರೂ ತಾಲೀಮಿನಲ್ಲಿ.

ಯಲಹಂಕ ಇದಕ್ಕೆ ಮೊದಲೂ ಒಂದು ಸಾವು ಕಂಡಿತ್ತು. 'ಸಾರಂಗ್' ಎಂಬ ಹೆಲಿಕಾಪ್ಟರ್ ತಂಡ, ಮೈಮೇಲೆ ನವಿಲು ಬರೆಸಿಕೊಂಡದ್ದು, ಹಾರಿಸುವುದು ಎಚ್.ಎ.ಎಲ್.ನ ಧ್ರುವ್ ಹೆಲಿಕಾಪ್ಟರು. 2007ರ ಫೆಬ್ರವರಿ 2ರ ತಾಲೀಮಿನಲ್ಲಿ ಒಂದು ಬಿದ್ದು ಸ್ಕ್ವಾಡ್ರನ್ ಲೀಡರ್ ಶರ್ಮಾ ತೀರಿಕೊಂಡರು. ನೌಕಾಪಡೆಯ 'ಸಾಗರ್ ಪವನ್' ತಂಡ ಹಾರಿಸುತ್ತಿದ್ದದ್ದೂ ಕಿರಣ್‌ಗಳನ್ನೇ. 2010ರ ಮಾರ್ಚ್ 3ರಂದು ಹೈದರಾಬಾದಿನ ಬೇಗಂಪೇಟೆಯಲ್ಲಿ, ಈ ಸಲ ಜನರ ಕಣ್ಣೆದುರೇ, ಕಮಾಂಡರ್ ಎಸ್. ಕೆ. ಮೌರ್ಯ ಮತ್ತು ಲೆಫ್ಟಿನೆಂಟ್ ಕಮಾಂಡರ್ ರಾಹುಲ್ ನಾಯರ್ ಹೋದರು. 2025ರ ನವೆಂಬರ್ 21ರಂದು ದುಬೈ ಶೋನಲ್ಲಿ ಒಂಟಿಯಾಗಿ ಆಡುತ್ತಿದ್ದ ತೇಜಸ್ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡದ್ದು ಹೊಸ ಗಾಯ. ಅಮೆರಿಕದ್ದೂ ಇದೇ ಪಾಡು. 2016ರ ಜೂನ್ 2ರಂದು ಬ್ಲೂ ಏಂಜಲ್ಸ್‌ನ ಜೆಫ್ ಕಸ್ ಟೆನೆಸಿಯಲ್ಲಿ ತಾಲೀಮಿನ ವೇಳೆ ಸತ್ತರೆ, ಅದೇ ದಿನ ಕೊಲರಾಡೋದಲ್ಲಿ ಒಂದು ಥಂಡರ್‌ಬರ್ಡ್ ಬಿದ್ದು, ಪೈಲಟ್ ಹೇಗೋ ಪಾರಾದ.

ಇಷ್ಟೆಲ್ಲ ತಿಳಿದ ಮೇಲೂ ಮಕ್ಕಳನ್ನು ಕರೆದುಕೊಂಡು ಹೋಗಬೇಕೇ ಅಂತ ನಮ್ಮ ಮನೆಗಳಲ್ಲಿ ವಾದ ಆಗಿದೆ. 2019ರ ವಿಡಿಯೋ ನೋಡಿದ ಮೇಲೆ ನಮ್ಮಲ್ಲೊಬ್ಬಾಕೆ "ಇನ್ನು ನಾನಂತೂ ಬರಲ್ಲ, ಒಬ್ಬ ತಾಯಿಯ ಮಗ ಸಾಯೋದನ್ನ ನೋಡೋಕೆ ನನಗೆ ಪುಳಿಯೋಗರೆ ಕಟ್ಟಿಕೊಡಕ್ಕಾಗಲ್ಲ," ಅಂದುಬಿಟ್ಟರು, ಇವತ್ತಿಗೂ ಬಂದಿಲ್ಲ. ಇದೆಲ್ಲ ಆಯುಧ ಮಾರುವವರ ಜಾಹೀರಾತು ಅನ್ನುವ ಗೆಳೆಯರೂ ಇದ್ದಾರೆ. ಏರೋ ಇಂಡಿಯಾದ ಮಟ್ಟಿಗೆ ಅದು ಪೂರ್ತಿ ಸುಳ್ಳೂ ಅಲ್ಲ, ಅದು ಸಂತೆಯೇ. ನಮ್ಮ ಒಲವು ಮಾತ್ರ ನೋಡುವ ಕಡೆಗೇ. ಜೀವ ಪಣಕ್ಕಿಟ್ಟು ಕಲಿತ ಯಾವುದೇ ವಿದ್ಯೆ, ಹಗ್ಗದ ಮೇಲೆ ನಡೆಯುವ ದೊಂಬರದಾಗಲಿ, ನೋಡುವವರಿಲ್ಲದೆ ಉಳಿಯುವುದಿಲ್ಲ. ಹೋಗುವ ಮುಂಚೆ ರೈಲಿನಲ್ಲಿ ಮಕ್ಕಳಿಗೆ ಇಷ್ಟು ಹೇಳುತ್ತೇವೆ: ಪಕ್ಕದ ವಿಮಾನದವನು ಏನನ್ನು ನೋಡುತ್ತಿದ್ದಾನೆ, ಏನನ್ನು ನೋಡುತ್ತಿಲ್ಲ. ಕೇಳಿದ ಮೇಲೆ ಅವರು 'ವಾವ್' ಅನ್ನುವುದು ಸ್ವಲ್ಪ ಕಮ್ಮಿಯಾಗಿದೆ, ಉಸಿರು ಬಿಗಿ ಹಿಡಿದು ನೋಡುತ್ತಾರೆ.

ಸೂರ್ಯಕಿರಣ 2019ರ ಆಘಾತದ ನಂತರವೂ ನಿಲ್ಲಲಿಲ್ಲ. 2021ರಲ್ಲಿ ಯಲಹಂಕಕ್ಕೆ ಮರಳಿ, ಸಾರಂಗ್ ಜೊತೆ ಸೇರಿ ಆಡಿತು. ಅದೇ ವರ್ಷ ಕೊಲಂಬೋಗೆ ಇಪ್ಪತ್ತು ವರ್ಷಗಳ ನಂತರ ಮತ್ತೆ ಹೋಯಿತು. 2023ರ ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಮೇಲೆ, ಅದಾಗಿ ಒಂದು ತಿಂಗಳೊಳಗೆ ಅಹಮದಾಬಾದಿನ ವಿಶ್ವಕಪ್ ಫೈನಲ್ ಮೇಲೆ ಹಾರಿತು. ಫೈನಲ್ ಏನಾಯಿತು ಅಂತ ಕೇಳಬೇಡಿ.

ಊರಿಗೆ ಹೋದವರು ಬಿಡುವು ಮಾಡಿಕೊಂಡು ಮಾರತಹಳ್ಳಿ ಕಡೆಯ ಎಚ್.ಎ.ಎಲ್. ಹೆರಿಟೇಜ್ ಸೆಂಟರಿಗೆ ಹೋಗಿ ಬನ್ನಿ. 2001ರಲ್ಲಿ ತೆರೆದ ವಸ್ತುಸಂಗ್ರಹಾಲಯ, ಮರಗಳ ನೆರಳು ಚೆನ್ನಾಗಿದೆ. ಹಳೇ ಮದರಾಸು ರಸ್ತೆಯಿಂದ ಹೊರಟರೆ ದಾರಿಯಲ್ಲಿ ಸುರಂಜನ್ ದಾಸ್ ರಸ್ತೆ ಸಿಗುತ್ತದೆ. ಒಳಗೆ ಮಾರುತ್ ಇದೆ, ಕಿರಣ್ ಕೂಡ ಇದೆ. ಮಕ್ಕಳು ಮಾರುತ್ ಕಡೆಗೇ ಓಡುತ್ತಾರೆ, ಅದರ ಮೂತಿ ಹಾಗೆ ಚೂಪು. ಕೈ ಹಿಡಿದು ಕಿರಣ್ ಬಳಿಗೆ ಕರೆತಂದು ಗಾಜಿನೊಳಗಿನ ಆ ಎರಡು ಸೀಟುಗಳನ್ನು ತೋರಿಸಿ.